ಕೈರೋಪ್ರಾಕ್ಟಿಕ್ ಪಾಂಪ್ಲೆಟ್‌ನಲ್ಲಿ ಏನು ಬರೀಬಹುದು, ಏನು ಬರೀಬಾರದು? (ಮೈಸೂರು)

ಕುವೆಂಪುನಗರ ಫಿಸಿಯೋ:
ಎಲ್ಲರಿಗೂ ನಮಸ್ಕಾರ. ಕುವೆಂಪುನಗರದಲ್ಲಿ ಬೆನ್ನು, ಕತ್ತು ನೋವಿಗೆ ಒಂದು ಸೆಂಟರ್ ಶುರುವಾಗ್ತಿದೆ. ನನ್ನದು ಫಿಸಿಯೋಥೆರಪಿಯಲ್ಲಿ ಬಿ.ಪಿ.ಟಿ., ಎಂ.ಪಿ.ಟಿ. ಜೊತೆಗಿರೋರು ವಿದೇಶದಲ್ಲಿ ಕೈರೋಪ್ರಾಕ್ಟಿಕ್ (ಬೆನ್ನುಮೂಳೆ, ಕೀಲುಗಳನ್ನ ಕೈಯಿಂದ ಒತ್ತಿ, ತಿರುಗಿಸಿ ಮಾಡೋ ಚಿಕಿತ್ಸೆ) ಪದವಿ ಓದಿದವರು. ಪೇಪರ್ ಒಳಗಿಟ್ಟು ಹಂಚೋಕೆ ಪಾಂಪ್ಲೆಟ್, ಬಾಗಿಲ ಮೇಲೆ ಬೋರ್ಡ್, ಇನ್‌ಸ್ಟಾಗ್ರಾಂ ಪೋಸ್ಟ್, ಮೂರೂ ಆಗಬೇಕು. ಡಿಸೈನ್ ಮಾಡೋರು ಕಳಿಸಿರೋ ಕರಡು ಇದು:

"ಮೈಸೂರಿನ ನಂ. 1 ಕೈರೋಪ್ರಾಕ್ಟಿಕ್ ಆಸ್ಪತ್ರೆ! ಸ್ಲಿಪ್ ಡಿಸ್ಕ್, ಸಯಾಟಿಕಾ, ಸಂಧಿವಾತ, ಪಾರ್ಶ್ವವಾಯು, ಬಿ.ಪಿ., ಮಕ್ಕಳ ಎತ್ತರ: ಆಪರೇಷನ್ ಇಲ್ಲದೆ ಶಾಶ್ವತ ಪರಿಹಾರ. ಜರುಗಿದ ಡಿಸ್ಕ್ ಒಂದೇ ಸಿಟ್ಟಿಂಗ್‌ನಲ್ಲಿ ಸ್ವಸ್ಥಾನಕ್ಕೆ. 100% ಸುರಕ್ಷಿತ, ಸೈಡ್ ಎಫೆಕ್ಟ್ ಇಲ್ಲ. 5000ಕ್ಕೂ ಹೆಚ್ಚು ಸಂತೃಪ್ತ ರೋಗಿಗಳು. ₹1500 ಬೆಲೆಯ ತಪಾಸಣೆ ಉಚಿತ, ಭಾನುವಾರದವರೆಗೆ ಮಾತ್ರ!"

ಇಬ್ಬರ ಹೆಸರಿನ ಹಿಂದೆಯೂ 'ಡಾ.' ಹಾಕಿದ್ದಾರೆ. ಯಾವ ಸಾಲು ಉಳಿಯುತ್ತೆ, ಯಾವುದು ಹೋಗಬೇಕು? ಕಾರಣ ಸಮೇತ ಹೇಳಿದ್ರೆ ಡಿಸೈನರ್‌ಗೆ ವಿವರಿಸೋಕೆ ಅನುಕೂಲ.

ಚಾಮುಂಡಿಪುರಂ:
ವಿಳಾಸ, ಫೋನ್ ನಂಬರ್ ಬಿಟ್ಟು ಎಲ್ಲಾನೂ ಹೊಸದಾಗಿ ಬರೀಬೇಕಾಗುತ್ತೆ.

ಗ್ರಾಹಕ ವಕೀಲೆ:
ಕೈರೋಪ್ರಾಕ್ಟಿಕ್ ಜಾಹೀರಾತಿಗೆ ಅಂತಲೇ ನಮ್ಮಲ್ಲಿ ಪ್ರತ್ಯೇಕ ಕಾಯ್ದೆ ಇಲ್ಲ. ಹಾಗಂತ ಬೇಲಿಯಿಲ್ಲದ ಹೊಲ ಅಂದ್ಕೊಳ್ಳೋದು ತಪ್ಪು. ದುಡ್ಡು ತಗೊಂಡು ಕೊಡೋ ಚಿಕಿತ್ಸೆ ಗ್ರಾಹಕ ಕಾನೂನಿನಡಿ 'ಸೇವೆ'ಯೇ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ವಿ.ಪಿ. ಶಾಂತಾ ಪ್ರಕರಣದಲ್ಲಿ ಹೇಳಿದೆ. ಈಗಿನ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಲಂ 2(28) ನೋಡಿ. ಸೇವೆಯನ್ನ ಸುಳ್ಳಾಗಿ ವರ್ಣಿಸೋದು, ಸುಳ್ಳು ಗ್ಯಾರಂಟಿ ಕೊಡೋದು, ಮುಖ್ಯ ಮಾಹಿತಿಯನ್ನ ಬೇಕಂತಲೇ ಮುಚ್ಚಿಡೋದು, ಇವೆಲ್ಲ ದಾರಿತಪ್ಪಿಸುವ ಜಾಹೀರಾತು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮೊದಲ ಸಲಕ್ಕೆ 10 ಲಕ್ಷದವರೆಗೆ, ಮತ್ತೆ ಮಾಡಿದ್ರೆ 50 ಲಕ್ಷದವರೆಗೆ ದಂಡ ಹಾಕಬಹುದು.

ನಿಮ್ಮ ಕರಡಲ್ಲಿ 'ಶಾಶ್ವತ', '100%', 'ಒಂದೇ ಸಿಟ್ಟಿಂಗ್' ಮೂರೂ ಗ್ಯಾರಂಟಿಗಳು. 'ನಂ. 1' ಅನ್ನೋಕೆ ಯಾರು, ಯಾವಾಗ, ಹೇಗೆ ಅಳೆದರು ಅನ್ನೋ ದಾಖಲೆ ಬೇಕು. ಇನ್ನೂ ಬಾಗಿಲೇ ತೆಗೆಯದ ಸೆಂಟರ್‌ಗೆ 5000 ಸಂತೃಪ್ತ ರೋಗಿಗಳು ಎಲ್ಲಿಂದ ಬಂದ್ರು? ಇದೊಂದೇ ಸಾಲು ಸಾಕು ದೂರು ಕೊಡೋಕೆ.

ಮಂಡ್ಯ ಹೈದ:
ಮೇಡಂ, 1954ರ ಮಾಂತ್ರಿಕ ಪರಿಹಾರಗಳ ಕಾಯ್ದೆ ಬಿಟ್ಬುಟ್ರಲ್ಲಾ? ಪಾರ್ಶ್ವವಾಯು, ಸಂಧಿವಾತ, ಬಿ.ಪಿ., ಎತ್ತರ ಈ ನಾಕೂ ಅದರ ಪಟ್ಟೀಲೇ ಅವೆ. ಒಟ್ಟು 54 ಕಾಯಿಲೆ ಪಟ್ಟಿ ಕಣ್ರೀ ಅದು. ಅವುನ್ನ ವಾಸಿ ಮಾಡ್ತೀವಿ ಅಂತ ಜಾಹೀರಾತೇ ಕೊಡಂಗಿಲ್ಲ.

ಗ್ರಾಹಕ ವಕೀಲೆ:
ಬೇಕಂತಲೇ ಆಮೇಲಕ್ಕೆ ಇಟ್ಟಿದ್ದೆ, ಯಾಕಂದ್ರೆ ಅಲ್ಲೊಂದು ವಾದ ಇದೆ. ಆ ಕಾಯ್ದೆಯ ಕಲಂ 3 'ಔಷಧಿ'ಯ ಜಾಹೀರಾತಿಗೆ ಅನ್ವಯ. ಔಷಧಿ ಅನ್ನೋ ಪದಕ್ಕೆ ಅಲ್ಲಿ ಅರ್ಥ ದೊಡ್ಡದು: ಮಾತ್ರೆ, ಮುಲಾಮಲ್ಲದೆ ದೇಹದ ರಚನೆ ಅಥವಾ ಅಂಗಗಳ ಕೆಲಸದ ಮೇಲೆ ಪರಿಣಾಮ ಬೀರೋಕೆ ಅಂತ ಕೊಡೋ ಆಹಾರವಲ್ಲದ ಯಾವುದೇ ವಸ್ತು ಕೂಡ ಸೇರುತ್ತೆ. ಬರೀ ಕೈಯಲ್ಲಿ ಮಾಡೋ ಚಿಕಿತ್ಸೆ 'ವಸ್ತು' ಹೇಗಾಗುತ್ತೆ ಅಂತ ವಾದ ಮಾಡಬಹುದು. ಆದ್ರೆ ಪಾಂಪ್ಲೆಟ್‌ನಲ್ಲಿ ಎಣ್ಣೆ, ಬೆಲ್ಟ್, ಮ್ಯಾಗ್ನೆಟ್ ಪಟ್ಟಿ ಏನಾದ್ರೂ ಸೇರಿಸಿದ್ರೋ, ಆ ವಾದದ ಬಲ ಅಲ್ಲಿಗೇ ಕಮ್ಮಿಯಾಯ್ತು.

ಮಂಡ್ಯ ಹೈದ:
ವಾದ ಗೆಲ್ಲಬೋದು, ಒಪ್ತೀನಿ. ಆದ್ರೆ ಪಾಂಪ್ಲೆಟ್ ಹಂಚೋದು ಕೋರ್ಟಲ್ಲಿ ವಾದ ಮಾಡಕಾ? ಪಟ್ಟೀಲಿರೋ ಕಾಯಿಲೆ ಹೆಸರೇ ಬರೀಬ್ಯಾಡಿ, ಮುಗೀತು.

ಗ್ರಾಹಕ ವಕೀಲೆ:
ಅದು ಸರಿಯಾದ ಮಾತು. ಅಲ್ಲಿ ತಪ್ಪಿಸಿಕೊಂಡ್ರೂ ಗ್ರಾಹಕ ಕಾಯ್ದೆ ಹೇಗೂ ಹಿಡಿಯುತ್ತೆ.

ಕೀಲುಮೂಳೆ:
ಕಾನೂನು ಆಯ್ತು. ವಿಜ್ಞಾನದ ಪ್ರಕಾರ ಯಾವ ಮಾತು ನಿಲ್ಲುತ್ತೆ ಅಂತಲೂ ನೋಡಬೇಕು, ಯಾಕಂದ್ರೆ ಕೊನೆಗೆ ಪುರಾವೆ ಕೇಳೋದು ಅದನ್ನೇ.

ಸೊಂಟ ನೋವಿಗೆ ಪುರಾವೆ ಇದೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲದ ಸೊಂಟ ನೋವಿನ ಮಾರ್ಗಸೂಚಿ ಹೊರಡಿಸಿತು. ವ್ಯಾಯಾಮ, ತಿಳುವಳಿಕೆ, ಮಸಾಜ್ ಜೊತೆಗೆ ಬೆನ್ನುಮೂಳೆಯ ಕೈಚಿಕಿತ್ಸೆಯನ್ನೂ ಷರತ್ತಿನ ಮೇಲೆ ಒಪ್ಪಿದೆ. ಅಂದ್ರೆ ಲಾಭ ಸಾಧಾರಣ, ಎಲ್ಲರಿಗೂ ಅಲ್ಲ. ಪಾಂಪ್ಲೆಟ್‌ನಲ್ಲಿ "ಸೊಂಟ ನೋವಿರುವ ಕೆಲವರಿಗೆ ನೋವು ಕಡಿಮೆಯಾಗಲು, ಓಡಾಟ ಸುಲಭವಾಗಲು ನೆರವಾಗಬಹುದು" ಅಂತ ಬರೆದ್ರೆ ಅದು ನಿಲ್ಲುತ್ತೆ. ಕತ್ತು ನೋವು, ಕತ್ತಿನಿಂದ ಬರೋ ತಲೆನೋವಿಗೂ ಇದೇ ಅಳತೆಯ ಮಾತು ಸಾಕು. ಬಿ.ಪಿ., ಪಾರ್ಶ್ವವಾಯು, ಮಕ್ಕಳ ಎತ್ತರ: ಇವಕ್ಕೆ ಹತ್ತಿರಕ್ಕೂ ಹೋಗಬೇಡಿ.

'ಜರುಗಿದ ಡಿಸ್ಕ್ ಸ್ವಸ್ಥಾನಕ್ಕೆ' ಅನ್ನೋದಂತೂ ಪೂರ್ತಿ ತಪ್ಪು. ಡಿಸ್ಕ್ ಅನ್ನೋದು ಮೇಲಿನ, ಕೆಳಗಿನ ಮೂಳೆಗೆ ಅಂಟಿಕೊಂಡೇ ಇರುತ್ತೆ, ಕ್ಯಾರಂ ಪಾನ್ ಥರ ಜಾರಿ ಆಚೆ ಹೋಗಲ್ಲ. ಉಬ್ಬುತ್ತೆ, ಇಲ್ಲ ಸೀಳಿ ಒಳಗಿನ ಭಾಗ ಹೊರಗೆ ಚಾಚುತ್ತೆ. ಅದನ್ನ ಕೈಯಿಂದ ಒತ್ತಿ ಒಳಗೆ ಕೂರಿಸೋಕಾಗಲ್ಲ. ಚಾಚಿದ ಭಾಗ ಎಷ್ಟೋ ಜನರಲ್ಲಿ ತಿಂಗಳುಗಳು ಕಳೆದಂತೆ ತಾನಾಗೇ ಕುಗ್ಗುತ್ತೆ. ನೋವೇ ಇಲ್ಲದವರ ಎಂ.ಆರ್.ಐ.ಗಳನ್ನ ಒಟ್ಟು ಮಾಡಿ ನೋಡಿದ 2015ರ ಒಂದು ವಿಮರ್ಶೆಯಲ್ಲಿ 20ರ ವಯಸ್ಸಿನವರಲ್ಲಿ ಶೇ 30, 80ರವರಲ್ಲಿ ಶೇ 84 ಮಂದಿಗೆ ಡಿಸ್ಕ್ ಉಬ್ಬಿತ್ತು. ಹಾಗಿರುವಾಗ ಎಂ.ಆರ್.ಐ. ರಿಪೋರ್ಟ್ ತೋರಿಸಿ ಹೆದರಿಸೋದೂ ಪ್ರಾಮಾಣಿಕ ಪ್ರಚಾರ ಅಲ್ಲ.

ರೀಲ್ಸ್ ಎಡಿಟರ್:
ಹಾಗಾದ್ರೆ ಆ 'ಟಕ್' ಸದ್ದು? ಈಗ ವಿಡಿಯೋ ಓಡೋದೇ ಅದರ ಮೇಲೆ. ಕಾಲರ್ ಮೈಕ್ ಹತ್ತಿರ ಇಟ್ಟು ಸದ್ದು ಎತ್ತಿ ಹಾಕ್ತಾರೆ, ಕೆಳಗೆ 'ಮೂಳೆ ಕೂತ್ಕೊಳ್ತು' ಅಂತ ಕ್ಯಾಪ್ಷನ್.

ಕೀಲುಮೂಳೆ:
ಮೂಳೆ ಕೂತ ಸದ್ದಲ್ಲ ಅದು. ಕೀಲಿನೊಳಗಿನ ದ್ರವದಲ್ಲಿ ಒತ್ತಡ ದಿಢೀರ್ ಇಳಿದಾಗ ಅನಿಲದ ಗುಳಿ ಆಗುತ್ತೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 2015ರಲ್ಲಿ ಬೆರಳಿನ ಕೀಲನ್ನ ಎಂ.ಆರ್.ಐ. ಒಳಗೇ ಎಳೆದು ಇದನ್ನ ಚಿತ್ರ ಸಮೇತ ತೋರಿಸಿದ್ರು. ಸದ್ದು ಬಂದ್ರೆ ಗುಣ, ಬರದಿದ್ರೆ ಇಲ್ಲ ಅನ್ನೋ ಲೆಕ್ಕ ಇಲ್ಲ. ವಿಡಿಯೋ ಹಾಕಿ, ಬೇಡ ಅನ್ನಲ್ಲ. ಸದ್ದು ಎತ್ತಬೇಡಿ, ಕ್ಯಾಪ್ಷನ್‌ನಲ್ಲಿ ನಿಜ ಬರೀರಿ, ಕತ್ತು ತಿರುಗಿಸೋ ವಿಡಿಯೋ ಬೇಡವೇ ಬೇಡ. ಮನೇಲಿ ಹುಡುಗರು ಒಬ್ಬರ ಕತ್ತು ಒಬ್ಬರು ತಿರುಗಿಸಿ ನೋಡ್ತಾರೆ.

ಶ್ರೀರಂಗಪಟ್ಟಣ:
'100% ಸುರಕ್ಷಿತ' ಬಗ್ಗೆ ಯಾರೂ ಬಿಡಿಸಿ ಹೇಳ್ಲಿಲ್ಲ. ಮಾತ್ರೆ ಇಲ್ಲ ಅಂದಮೇಲೆ ಸೈಡ್ ಎಫೆಕ್ಟ್ ಎಲ್ಲಿಂದ ಬರುತ್ತೆ ಅಂತ ಕೇಳೋರೇ ಜಾಸ್ತಿ.

ಕೀಲುಮೂಳೆ:
ಬರುತ್ತೆ. ಚಿಕಿತ್ಸೆ ಆದಮೇಲೆ ಸುಮಾರು ಅರ್ಧದಷ್ಟು ಜನರಿಗೆ ಆ ಜಾಗದಲ್ಲಿ ನೋವು, ಬಿಗಿತ, ಸುಸ್ತು ಆಗುತ್ತೆ. ಹೆಚ್ಚಿನವರಿಗೆ ಒಂದೆರಡು ದಿನದಲ್ಲಿ ಹೋಗುತ್ತೆ. ಅಪರೂಪಕ್ಕೆ ಗಂಭೀರವಾದದ್ದೂ ಉಂಟು: ಕತ್ತು ರಭಸವಾಗಿ ತಿರುಗಿಸಿದ ಮೇಲೆ ಮೆದುಳಿಗೆ ಹೋಗೋ ರಕ್ತನಾಳದ ಒಳಪದರ ಸೀಳಿ ಪಾರ್ಶ್ವವಾಯು ಆದ ಪ್ರಕರಣಗಳು ವರದಿಯಾಗಿವೆ. ಕೈಚಿಕಿತ್ಸೆಯೇ ಕಾರಣವೋ, ಮೊದಲೇ ಸೀಳು ಶುರುವಾಗಿ ಕತ್ತು ನೋವು ಅಂತ ಬಂದವರೋ ಅನ್ನೋ ಚರ್ಚೆ ಇನ್ನೂ ಇದೆ. ಅಮೆರಿಕದ ಹೃದಯ ಸಂಘ 2014ರಲ್ಲಿ ಸಂಬಂಧ ಕಾಣುತ್ತೆ, ಅಪಾಯವನ್ನ ರೋಗಿಗೆ ಮೊದಲೇ ತಿಳಿಸಿ ಅಂದಿದೆ.

ಆದ್ದರಿಂದ ಪಾಂಪ್ಲೆಟ್‌ನಲ್ಲಿ ಒಂದು ಎಚ್ಚರಿಕೆಯ ಚೌಕ ಇರಲಿ, ಇದು ನನ್ನ ಗಟ್ಟಿ ಅಭಿಪ್ರಾಯ. ಮೂತ್ರ ಕಟ್ಟಿಕೊಂಡಿದ್ರೆ ಅಥವಾ ಹಿಡಿತ ತಪ್ಪಿದ್ರೆ, ತೊಡೆ ಸಂದಿ ಮರಗಟ್ಟಿದ್ರೆ, ಕಾಲಿನ ಶಕ್ತಿ ಕುಂದುತ್ತಿದ್ರೆ ನೇರ ಆಸ್ಪತ್ರೆ ತುರ್ತು ವಿಭಾಗಕ್ಕೆ. ಬಿದ್ದು ಪೆಟ್ಟಾದವರು, ಸಂಜೆ ಜ್ವರ, ತೂಕ ಇಳಿಕೆ ಇರೋರು, ಕ್ಯಾನ್ಸರ್ ಅಥವಾ ಟಿ.ಬಿ. ಇದ್ದವರು, ಮೂಳೆ ಸವೆತದವರು, ಬಹಳ ದಿನದಿಂದ ಸ್ಟಿರಾಯ್ಡ್ ತಗೊಳ್ಳೋರು, ರಕ್ತ ತೆಳುವಾಗೋ ಮಾತ್ರೆ ನುಂಗೋರು ಮೊದಲು ವೈದ್ಯರಿಗೆ ತೋರಿಸಬೇಕು. ನಮ್ಮ ಕಡೆ ಬೆನ್ನುಮೂಳೆಯ ಟಿ.ಬಿ. ಮರೀಲೇಬಾರದು. ಬರೀ ಸೊಂಟ ನೋವು ಅಂತಲೇ ಬರ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2005ರ ಕೈರೋಪ್ರಾಕ್ಟಿಕ್ ಮಾರ್ಗಸೂಚಿಯಲ್ಲಿ ಅದು ಕೈ ಹಾಕಲೇಬಾರದ ಪಟ್ಟಿಯಲ್ಲಿದೆ.

ಚಾಮುಂಡಿಪುರಂ:
ಅಷ್ಟೆಲ್ಲ ಬರೆದ್ರೆ ಜನ ಹೆದರಿ ಬರೋದೇ ಇಲ್ಲ ಸರ್.

ಗ್ರಾಹಕ ವಕೀಲೆ:
ಬರಬಾರದವರು ಬರಲ್ಲ, ಅದೇ ಬೇಕಾಗಿರೋದು. ನಾಳೆ ಕೇಸಾದ್ರೆ 'ಮುಖ್ಯ ಮಾಹಿತಿ ಮುಚ್ಚಿಟ್ಟಿಲ್ಲ' ಅನ್ನೋಕೆ ಆ ಚೌಕವೇ ಸಾಕ್ಷಿ. ಇನ್ನೊಂದು: 2022ರ ಜೂನ್‌ನಲ್ಲಿ ಬಂದ ದಾರಿತಪ್ಪಿಸುವ ಜಾಹೀರಾತು ತಡೆ ಮಾರ್ಗಸೂಚಿ ಪ್ರಕಾರ ಹಕ್ಕುನಿವೇದನೆ (ಜಾಹೀರಾತಲ್ಲಿ ನಾವು ಹೇಳಿಕೊಳ್ಳೋ ಮಾತು) ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು, ಅಕ್ಷರವೂ ಅದೇ ಥರದ್ದು, ಕಣ್ಣಿಗೆ ಕಾಣೋ ಹಾಗೆ. ಮೇಲೆ ಕನ್ನಡದಲ್ಲಿ ದಪ್ಪಕ್ಕೆ 'ಪರಿಹಾರ' ಅಂತ ಬರೆದು ಕೆಳಗೆ ಇಂಗ್ಲಿಷ್‌ನಲ್ಲಿ ಇರುವೆ ಸಾಲು ಹಾಕೋ ಅಭ್ಯಾಸ ನಡೆಯಲ್ಲ. ಷರತ್ತು ಮೇಲಿನ ಮಾತಿಗೆ ವಿರುದ್ಧವಾಗಿಯೂ ಇರಕೂಡದು.

ಉಚಿತ ಆಫರ್ ಬಗ್ಗೆ. 'ಉಚಿತ' ಅಂದಮೇಲೆ ರಿಜಿಸ್ಟ್ರೇಷನ್ ಫೀ, ಫೈಲ್ ಚಾರ್ಜ್ ಅಂತ ಏನೂ ಕೇಳೋ ಹಾಗಿಲ್ಲ. '₹1500 ಬೆಲೆಯ' ಅಂತ ಬರೆದ್ರೆ ಆ ತಪಾಸಣೆಗೆ ನಿಜವಾಗಿ ಯಾವಾಗಲೂ ₹1500 ತಗೊಳ್ತಿರಬೇಕು. ಪ್ರತಿ ಭಾನುವಾರವೂ 'ಈ ಭಾನುವಾರದವರೆಗೆ ಮಾತ್ರ' ಆಗಿದ್ರೆ ಅದು ಸುಳ್ಳು ಅವಸರ. ಆನ್‌ಲೈನ್ ಬುಕಿಂಗ್ ಪುಟದಲ್ಲಿ ಹೀಗೆ ಮಾಡೋದನ್ನ 2023ರ ನವೆಂಬರ್‌ನ ಡಾರ್ಕ್ ಪ್ಯಾಟರ್ನ್ (ಆನ್‌ಲೈನ್‌ನಲ್ಲಿ ಗ್ರಾಹಕರನ್ನ ಯಾಮಾರಿಸೋ ವಿನ್ಯಾಸ) ಮಾರ್ಗಸೂಚಿ ಹೆಸರಿಟ್ಟು ನಿಷೇಧಿಸಿದೆ.

ಕುವೆಂಪುನಗರ ಫಿಸಿಯೋ:
ಧನ್ಯವಾದ. ಆಫರ್ ಸಾಲು ತೆಗೆದುಬಿಡ್ತೀವಿ. 'ಡಾ.' ಮತ್ತೆ 'ಆಸ್ಪತ್ರೆ' ಬಗ್ಗೆ ಹೇಳಿ.

ಮಂಡ್ಯ ಹೈದ:
'ಆಸ್ಪತ್ರೆ' ಬ್ಯಾಡಿ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಲ್ಲಿ ಫಿಸಿಯೋಥೆರಪಿ ಕೇಂದ್ರ ಅಂತ ಹೆಸರಿಟ್ಟೇ ಹೇಳವ್ರೆ, ನೋಂದಣಿ ಮಾಡಿಸ್ಲೇಬೇಕು. ಜಿಲ್ಲಾಧಿಕಾರಿ ಅಧ್ಯಕ್ಷರಾಗಿರೋ ಜಿಲ್ಲಾ ಪ್ರಾಧಿಕಾರ ಅದು, ಡಿ.ಎಚ್.ಓ. (ಜಿಲ್ಲಾ ಆರೋಗ್ಯಾಧಿಕಾರಿ) ಆಫೀಸ್ ಮೂಲಕ ಅರ್ಜಿ. ಸರ್ಟಿಫಿಕೇಟ್‌ನಲ್ಲಿ ಯಾವ ವರ್ಗ, ಯಾವ ಹೆಸರು ಬರ್ತದೋ ಬೋರ್ಡಲ್ಲೂ ಅದೇ ಇರಲಿ. ನೋಂದಣಿ ಸಂಖ್ಯೆ ಬೋರ್ಡ್, ಪಾಂಪ್ಲೆಟ್ ಎರಡರಲ್ಲೂ ಹಾಕಿ. ದರಪಟ್ಟಿ ಒಳಗಡೆ ಜನಕ್ಕೆ ಕಾಣಂಗೆ ತಗುಲಿಹಾಕ್ಬೇಕು. ನಂಬರ್ ಬರೋ ಮುಂಚೆ ಪಾಂಪ್ಲೆಟ್ ಹಂಚಕ್ಕೆ ಹೋಗ್ಬ್ಯಾಡಿ.

ಗ್ರಾಹಕ ವಕೀಲೆ:
'ಡಾ.' ವಿಷಯ ಬಿಸಿಯಾಗಿದೆ. ಫಿಸಿಯೋಥೆರಪಿಯ 2025ರ ಹೊಸ ಪಠ್ಯಕ್ರಮದಲ್ಲಿ 'ಡಾ.' ಜೊತೆಗೆ ಕೊನೆಯಲ್ಲಿ 'ಪಿ.ಟಿ.' ಸೇರಿಸಬಹುದು ಅಂತ ಬಂತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಬೇಡ ಅಂತ ಪತ್ರ ಬರೆದು, ಕೂಡಲೇ ಅದನ್ನ ವಾಪಸ್ ತಗೊಂಡಿತು. ಕೈರೋಪ್ರಾಕ್ಟಿಕ್ ಕಥೆ ಬೇರೆ. 2021ರ ಸಹವರ್ತಿ ಆರೋಗ್ಯ ವೃತ್ತಿಗಳ ಕಾಯ್ದೆಯ ಅನುಸೂಚಿಯಲ್ಲಿ ಫಿಸಿಯೋಥೆರಪಿ ಇದೆ, ಕೈರೋಪ್ರಾಕ್ಟಿಕ್ ಹೆಸರಿಲ್ಲ. ಅವರಿಗೆ ಇಲ್ಲಿ ಶಾಸನಬದ್ಧ ಕೌನ್ಸಿಲ್ ಕೂಡ ಇಲ್ಲ. ಆದ್ದರಿಂದ 'ಸರ್ಕಾರಿ ಮಾನ್ಯತೆ ಪಡೆದ ಕೈರೋಪ್ರಾಕ್ಟರ್' ಅಂತ ಬರೆದ್ರೆ ಅದು ಸುಳ್ಳು.

ಶ್ರೀರಂಗಪಟ್ಟಣ:
ಅಮೆರಿಕದಲ್ಲಿ ಅವರು ಡಾಕ್ಟರ್ ಅಂತಲೇ ಹಾಕ್ಕೊಳ್ತಾರಲ್ಲ? ಓದಿ ತಗೊಂಡ ಪದವಿ ತಾನೆ?

ಗ್ರಾಹಕ ವಕೀಲೆ:
ಪದವಿ ನಿಜ. ಆದ್ರೆ ಜಾಹೀರಾತನ್ನ ಅಳೆಯೋದು ಓದುವವರು ಏನು ಅರ್ಥ ಮಾಡ್ಕೊಳ್ತಾರೆ ಅನ್ನೋದರ ಮೇಲೆ. ಸರಸ್ವತಿಪುರಂನಲ್ಲಿ ನಡ್ಕೊಂಡು ಹೋಗೋರು 'ಡಾ.' ನೋಡಿದ್ರೆ ಎಂ.ಬಿ.ಬಿ.ಎಸ್. ಅಂತಲೇ ತಿಳ್ಕೊಳ್ತಾರೆ. ಹೆಸರು, ಅದರ ಕೆಳಗೆ "ಕೈರೋಪ್ರಾಕ್ಟರ್, ಡಾಕ್ಟರ್ ಆಫ್ ಕೈರೋಪ್ರಾಕ್ಟಿಕ್ ಪದವಿ, ಇಂಥ ಕಾಲೇಜು, ಇಂಥ ದೇಶ, ಎಂ.ಬಿ.ಬಿ.ಎಸ್. ವೈದ್ಯರಲ್ಲ" ಅಂತ ಬರೆದ್ರೆ ಗೊಂದಲವೇ ಇಲ್ಲ. ತಮ್ಮ ಅರ್ಹತೆ ಇಲ್ಲದ ಪದ್ಧತಿಯಲ್ಲಿ ಚಿಕಿತ್ಸೆ ಕೊಡೋದೇ ನಿರ್ಲಕ್ಷ್ಯ ಅಂತ ಸುಪ್ರೀಂ ಕೋರ್ಟ್ 1996ರ ಪೂನಂ ವರ್ಮಾ ಪ್ರಕರಣದಲ್ಲಿ ಹೇಳಿದೆ. ಅಲ್ಲಿ ಹೋಮಿಯೋಪತಿಯವರು ಅಲೋಪಥಿ ಔಷಧಿ ಕೊಟ್ಟಿದ್ರು.

ಕೀಲುಮೂಳೆ:
ಕೋರ್ಸ್ ಬಗ್ಗೆಯೂ ಒಂದು ಮಾತು. ಹಿಂದೆ ವೈದ್ಯಕೀಯ ತರಬೇತಿ ಇಲ್ಲದವರಿಗೆ ಪೂರ್ತಿ ಕೈರೋಪ್ರಾಕ್ಟಿಕ್ ಶಿಕ್ಷಣ ಅಂದ್ರೆ ಕನಿಷ್ಠ 4200 ಗಂಟೆ ಅಂತ ಅದೇ 2005ರ ಮಾರ್ಗಸೂಚಿ ಹೇಳುತ್ತೆ. ವಾರಾಂತ್ಯದ ವರ್ಕ್‌ಶಾಪ್ ಮುಗಿಸಿ ಸರ್ಟಿಫಿಕೇಟ್ ತಂದ ಫಿಸಿಯೋಗಳು 'ಕೈರೋಪ್ರಾಕ್ಟರ್' ಅಂತ ಹಾಕ್ಕೊಳ್ಳೋದು ಹೆಚ್ಚಾಗಿದೆ. ಅಂಥವರು 'ಫಿಸಿಯೋಥೆರಪಿಸ್ಟ್, ಬೆನ್ನುಮೂಳೆ ಕೈಚಿಕಿತ್ಸೆಯಲ್ಲಿ ಅಲ್ಪಾವಧಿ ತರಬೇತಿ' ಅಂತ ಬರೀಲಿ. ಅದು ಕಮ್ಮಿ ಅರ್ಹತೆ ಏನಲ್ಲ.

ರೀಲ್ಸ್ ಎಡಿಟರ್:
ರೋಗಿಗಳ ವಿಡಿಯೋ, ಗೂಗಲ್ ರಿವ್ಯೂ ಹಾಕಬಹುದಾ? ರಿವ್ಯೂ ಬರೆದವರಿಗೆ ಒಂದು ಸಿಟ್ಟಿಂಗ್ ಫ್ರೀ ಅನ್ನೋ ಐಡಿಯಾ ಎಲ್ಲರೂ ಕೊಡ್ತಾರೆ.

ಗ್ರಾಹಕ ವಕೀಲೆ:
ಫ್ರೀ ಸಿಟ್ಟಿಂಗ್ ಕೊಟ್ಟು ರಿವ್ಯೂ ಬರೆಸೋದು ಗೂಗಲ್‌ನ ನಿಯಮಕ್ಕೂ ವಿರುದ್ಧ, ಆನ್‌ಲೈನ್ ವಿಮರ್ಶೆಗೆ ಬಿ.ಐ.ಎಸ್. (ಭಾರತೀಯ ಮಾನಕ ಬ್ಯೂರೋ) ತಂದ 2022ರ ಮಾನಕಕ್ಕೂ ವಿರುದ್ಧ. ಕೇಳಿ ಬರೆಸಿ, ಪರವಾಗಿಲ್ಲ, ಕೊಟ್ಟು ಬರೆಸಬೇಡಿ. ರೋಗಿಯ ವಿಡಿಯೋಗೆ ಬರವಣಿಗೆಯಲ್ಲಿ ಒಪ್ಪಿಗೆ ಬೇಕು: ಯಾವ ವಿಡಿಯೋ, ಎಲ್ಲೆಲ್ಲಿ ಹಾಕ್ತೀರಿ, ಬೇಡ ಅಂದಾಗ ತೆಗೀತೀರಿ ಅನ್ನೋದೆಲ್ಲ ಕನ್ನಡದಲ್ಲಿ. ಚಿಕಿತ್ಸೆಯ ಒಪ್ಪಿಗೆ ಪತ್ರದೊಳಗೇ ಇದನ್ನ ತುರುಕಬೇಡಿ, ಬೇರೆ ಹಾಳೆ ಮಾಡಿ. ಆಸ್ಟ್ರೇಲಿಯಾದಲ್ಲಂತೂ ನೋಂದಾಯಿತ ಆರೋಗ್ಯ ಸೇವೆಯ ಜಾಹೀರಾತಲ್ಲಿ ರೋಗಿಗಳ ಹೊಗಳಿಕೆ ಬಳಸೋದೇ ಕಾನೂನುಬಾಹಿರ, ಕೈರೋಪ್ರಾಕ್ಟರ್‌ಗಳಿಗೂ ಅನ್ವಯ. ನಮ್ಮಲ್ಲಿ ಆ ನಿಷೇಧ ಇಲ್ಲ, ಆದ್ರೆ 'ನಾನು ಗುಣ ಆದೆ' ಅಂತ ಒಬ್ಬರು ಹೇಳಿದ್ದು ಎಲ್ಲರಿಗೂ ಗುಣ ಆಗುತ್ತೆ ಅನ್ನೋ ಗ್ಯಾರಂಟಿ ಥರ ಓದಿಸಿಕೊಳ್ಳಬಾರದು. ಲೋಕಲ್ ಇನ್‌ಫ್ಲುಯೆನ್ಸರ್ ಕರೆಸಿದ್ರೆ ದುಡ್ಡು ಅಥವಾ ಉಚಿತ ಚಿಕಿತ್ಸೆ ಪಡೆದದ್ದನ್ನ ಅವರು ಎದ್ದು ಕಾಣೋ ಹಾಗೆ ಹೇಳಬೇಕು.

ಪರಿಚಯದ ಆರ್ಥೋ ಡಾಕ್ಟರ ಫೋಟೋ, ಶಿಫಾರಸು ಹಾಕಬೇಡಿ. ವೈದ್ಯರ 2002ರ ನಡತೆ ನಿಯಮಾವಳಿ ಜಾಹೀರಾತಿನ ವಿಷಯದಲ್ಲಿ ಬಹಳ ಬಿಗಿ. ರೋಗಿ ಕಳಿಸಿದ್ದಕ್ಕೆ ಕಮಿಷನ್ ತಗೊಳ್ಳೋದೂ ಅದರಲ್ಲಿ ನಿಷಿದ್ಧ. ತೊಂದರೆಗೆ ಸಿಕ್ಕೋರು ಅವರು.

ಚಾಮುಂಡಿಪುರಂ:
ಮಕ್ಕಳ ಚಿಕಿತ್ಸೆ ಬಗ್ಗೆ? ಎಳೆಕೂಸು ಒಂದೇ ಸಮ ಅಳೋದಕ್ಕೆ ಬೆನ್ನು ಒತ್ತೋ ವಿಡಿಯೋಗಳು ಬರ್ತಿವೆ.

ಕೀಲುಮೂಳೆ:
ಬೇಡ. ಬ್ರಿಟನ್‌ನಲ್ಲಿ ಕೂಸಿನ ಅಳು, ಆಸ್ತಮಾ, ಕಿವಿ ಸೋಂಕಿಗೆ ಕೈರೋಪ್ರಾಕ್ಟಿಕ್ ಪರಿಹಾರ ಅನ್ನೋ ಪ್ರಚಾರವನ್ನ 2008ರಲ್ಲಿ ಸೈಮನ್ ಸಿಂಗ್ ಅನ್ನೋ ವಿಜ್ಞಾನ ಲೇಖಕರು ಪ್ರಶ್ನಿಸಿದ್ರು. ಅಲ್ಲಿನ ಕೈರೋಪ್ರಾಕ್ಟಿಕ್ ಸಂಘ ಮಾನನಷ್ಟ ಮೊಕದ್ದಮೆ ಹೂಡಿ, 2010ರಲ್ಲಿ ಕೈಬಿಟ್ಟಿತು. ಆ ನಡುವೆ ಅಲ್ಲಿನ ಎಷ್ಟೋ ಕೈರೋಪ್ರಾಕ್ಟರ್‌ಗಳ ವೆಬ್‌ಸೈಟ್ ಮೇಲೆ ದೂರುಗಳ ಸುರಿಮಳೆಯಾಯ್ತು. ಪುರಾವೆ ಇಲ್ಲದ ಒಂದು ಸಾಲು ಇಡೀ ವೃತ್ತಿಯ ಹೆಸರು ಕೆಡಿಸುತ್ತೆ.

ಲೆಕ್ಕಪತ್ರ:
ದರ ಮುದ್ರಿಸೋ ಮುಂಚೆ ಜಿ.ಎಸ್.ಟಿ. ನೋಡ್ಕೊಳ್ಳಿ. ಆರೋಗ್ಯ ಸೇವೆಗೆ ವಿನಾಯಿತಿ ಇರೋದು ಭಾರತದಲ್ಲಿ ಮಾನ್ಯವಾದ ಪದ್ಧತಿಗಳಿಗೆ ಮಾತ್ರ. ಫಿಸಿಯೋಥೆರಪಿ ಅದರೊಳಗೆ ಬರುತ್ತೆ. ಕೈರೋಪ್ರಾಕ್ಟಿಕ್ ಅಂತ ಬಿಲ್ ಹರಿದ್ರೆ ವಿನಾಯಿತಿ ಸಿಗುತ್ತೆ ಅಂತ ನಂಬಿ ಕೂರಬೇಡಿ. ವಾರ್ಷಿಕ ವಹಿವಾಟು 20 ಲಕ್ಷ ದಾಟೋ ಹಾಗಿದ್ರೆ ನಿಮ್ಮ ಸಿ.ಎ. ಹತ್ತಿರ ಮೊದಲೇ ಕೂತು ಮಾತಾಡಿ. ಪಾಂಪ್ಲೆಟ್‌ನಲ್ಲಿ ₹600 ಅಂತ ಹಾಕಿ ಕೌಂಟರ್‌ನಲ್ಲಿ ತೆರಿಗೆ ಸೇರಿಸಿ ಕೇಳಿದ್ರೆ ಜಗಳ ಗ್ಯಾರಂಟಿ.

ಶ್ರೀರಂಗಪಟ್ಟಣ:
24 ಸಿಟ್ಟಿಂಗ್ ಪ್ಯಾಕೇಜ್, ಮುಂಗಡ ಪೂರ್ತಿ ಅನ್ನೋದೂ ಪಾಂಪ್ಲೆಟ್‌ನಲ್ಲಿ ಬರ್ತಿದೆ ಈಗ.

ಕೀಲುಮೂಳೆ:
ನೋಡೋ ಮುಂಚೆಯೇ 24 ಬೇಕು ಅಂತ ಹೇಗೆ ಗೊತ್ತಾಯ್ತು? "ಮೊದಲ ಭೇಟಿಯಲ್ಲಿ ಪರೀಕ್ಷೆ, ನಾಲ್ಕರಿಂದ ಆರು ಭೇಟಿಯ ನಂತರ ಮರುಪರಿಶೀಲನೆ, ಸುಧಾರಣೆ ಕಾಣದಿದ್ದರೆ ನಿಲ್ಲಿಸಿ ತಜ್ಞರ ಬಳಿ ಕಳಿಸುತ್ತೇವೆ" ಅಂತ ಬರೀರಿ. ನನಗೆ ಕೇಳಿದ್ರೆ ಇಡೀ ಪಾಂಪ್ಲೆಟ್‌ನಲ್ಲಿ ಜನ ನಂಬೋ ಸಾಲು ಇದೇ.

ಕುವೆಂಪುನಗರ ಫಿಸಿಯೋ:
ಎಲ್ಲ ಸೇರಿಸಿ ಹೀಗೆ ಬರೆದಿದ್ದೀವಿ, ನೋಡಿ:

"ಬೆನ್ನು ಮತ್ತು ಕತ್ತು ನೋವಿಗೆ ಫಿಸಿಯೋಥೆರಪಿ ಕೇಂದ್ರ, ಕುವೆಂಪುನಗರ. ನೋಂದಣಿ ಸಂಖ್ಯೆ ____. ವ್ಯಾಯಾಮ, ಬೆನ್ನುಮೂಳೆ ಕೈಚಿಕಿತ್ಸೆ, ಕೂರುವ ಮತ್ತು ಭಾರ ಎತ್ತುವ ಕ್ರಮದ ತರಬೇತಿ. ಸೊಂಟ ನೋವು, ಕತ್ತು ನೋವಿರುವ ಕೆಲವರಿಗೆ ಇದರಿಂದ ನೋವು ಕಡಿಮೆಯಾಗಬಹುದು. ಎಲ್ಲರಿಗೂ ಒಂದೇ ಫಲಿತಾಂಶ ಇರುವುದಿಲ್ಲ. ಚಿಕಿತ್ಸೆಯ ನಂತರ ಒಂದೆರಡು ದಿನ ಮೈನೋವು ಬರಬಹುದು. ಗಂಭೀರ ತೊಂದರೆ ಅಪರೂಪ, ಅದನ್ನು ಮೊದಲೇ ವಿವರಿಸಿ ಒಪ್ಪಿಗೆ ಪಡೆಯುತ್ತೇವೆ. ಮೊದಲ ಭೇಟಿ ₹____, ನಂತರ ಪ್ರತಿ ಭೇಟಿ ₹____, ತೆರಿಗೆ ಇದ್ದರೆ ಸೇರಿ. ಮುಂಗಡ ಪ್ಯಾಕೇಜ್ ಇಲ್ಲ."

ಹಿಂಬದಿಯಲ್ಲಿ ಇಬ್ಬರ ಹೆಸರು, ಪೂರ್ತಿ ಪದವಿ, ಎಚ್ಚರಿಕೆ ಚೌಕ, ಮರುಪರಿಶೀಲನೆಯ ಸಾಲು.

ಗ್ರಾಹಕ ವಕೀಲೆ:
ಇದು ನಿಲ್ಲುತ್ತೆ. ಪ್ರತಿ ಹಕ್ಕುನಿವೇದನೆಗೆ ಆಧಾರವಾದ ದಾಖಲೆಯ ಪ್ರತಿ, ಮುದ್ರಣವಾದ ಪಾಂಪ್ಲೆಟ್, ಹಂಚಿದ ದಿನಾಂಕ ಮೂರನ್ನೂ ಒಂದು ಫೈಲ್‌ನಲ್ಲಿಡಿ.

ಮುದ್ರಣದವನು:
ಎ5 ಸೈಜ್‌ಗೆ ಇಷ್ಟು ಹಿಡಿಯುತ್ತೆ, ಎರಡೂ ಬದಿ ಹಾಕಿದ್ರೆ. ಕನ್ನಡ ಅಕ್ಷರ 10 ಪಾಯಿಂಟ್‌ಗಿಂತ ಇಳಿಸಬೇಡಿ, ಒತ್ತಕ್ಷರಗಳು ಮಸಿಯಲ್ಲಿ ಮುಚ್ಚಿಹೋಗುತ್ತವೆ. 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನ ಯೂನಿಕೋಡ್‌ಗೆ ಬದಲಾಯಿಸಿದಾಗ ಅರ್ಕಾವತ್ತು, ಒತ್ತು ಚದುರುತ್ತವೆ, ಆದ್ದರಿಂದ ಅಂತಿಮ ಪ್ರೂಫ್ ಕಾಗದದ ಮೇಲೆ ತೆಗೆದು ಓದಿ. 'ಬಹುದು' ಅನ್ನೋದು ಜಾಗ ಸಾಲದೆ ಬಿದ್ದುಹೋದ್ರೆ ನಿಮ್ಮ ವಾಕ್ಯದ ಅರ್ಥವೇ ಗ್ಯಾರಂಟಿ ಆಗಿಬಿಡುತ್ತೆ. ಬೋರ್ಡ್‌ನಲ್ಲಿ ಶೇ 60 ಕನ್ನಡ, ಅದೂ ಮೇಲ್ಭಾಗದಲ್ಲಿ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿ ಅದು. ಕಂಬಕ್ಕೆ, ಮರಕ್ಕೆ, ಸರ್ಕಲ್‌ಗೆ ಫ್ಲೆಕ್ಸ್ ಕಟ್ಟಬೇಡಿ, ಪಾಲಿಕೆಯವರು ಕಿತ್ತು ಕೇಸ್ ಹಾಕ್ತಾರೆ.

ಮಂಡ್ಯ ಹೈದ:
ಒಂದ್ ಪ್ರಶ್ನೆ ಉಳ್ಕಂತು. ನಮ್ಮ ಕಡೆ ಕಬ್ಬು ಕಡಿಯೋರು, ಲೋಡ್ ಮಾಡೋರೇ ಸೊಂಟ ಹಿಡ್ಕಂಡು ನರಳೋದು. ಅವ್ರೆಲ್ಲಿ ಪಾಂಪ್ಲೆಟ್ ಓದಾರು? ಆಟೋಗೆ ಮೈಕ್ ಕಟ್ಟಿ ಹಳ್ಳಿ ಮೇಲೆ ಕೂಗಿಸ್ತಾರಲ್ಲ, ಅದ್ರಲ್ಲಿ ಎಚ್ಚರಿಕೆ ಚೌಕ ಎಲ್ಲಿ ಹಾಕೋದು?

ಗ್ರಾಹಕ ವಕೀಲೆ:
ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, 2000ದ ಶಬ್ದಮಾಲಿನ್ಯ ನಿಯಮ. ಎಚ್ಚರಿಕೆಯನ್ನ ಕೂಗೋದರೊಳಗೇ ಸೇರಿಸಬೇಕು, ಬೇರೆ ದಾರಿ ಇಲ್ಲ. ಅದೂ ವೇಗ ಕೂಡಿಸದೆ, ಉಳಿದ ಮಾತಿನಷ್ಟೇ ನಿಧಾನಕ್ಕೆ.

ಕೀಲುಮೂಳೆ:
ಮೂವತ್ತು ಸೆಕೆಂಡ್ ಒಳಗೆ ಮುಗಿಯುತ್ತೆ: "ಸೊಂಟ ನೋವಿಗೆ ವ್ಯಾಯಾಮ, ಕೈಚಿಕಿತ್ಸೆ. ಮೊದಲು ಪರೀಕ್ಷೆ ಮಾಡ್ತೀವಿ. ಎಲ್ಲರಿಗೂ ಗುಣ ಆಗುತ್ತೆ ಅಂತ ಹೇಳಲ್ಲ. ಕಾಲು ಸೋತಿದ್ರೆ, ಉಚ್ಚೆ ಕಟ್ಟಿದ್ರೆ, ದಿನಾ ಸಂಜೆ ಜ್ವರ ಬರ್ತಿದ್ರೆ ನಮ್ಮ ಹತ್ರ ಬರಬೇಡಿ, ಮಂಡ್ಯ ಮಿಮ್ಸ್ ಆಸ್ಪತ್ರೆಗೆ ಹೋಗಿ."

ಮಂಡ್ಯ ಹೈದ:
'ಫೀಸು ಇಷ್ಟು' ಅಂತ್ಲೂ ಸೇರಿಸಿ ಸಾ. ಕೂಲಿ ಬಿಟ್ಟು ಬಸ್ ಹತ್ತೋ ಮುಂಚೆ ಅದು ಗೊತ್ತಿರ್ಬೇಕು.